ಆ ಪ್ಲಸ್-ಮೈನಸ್ ಏನೆಂದು ಕೇಳಿಯೇ ಸಹಿ ಹಾಕು

ಮಗಳೇ, ನೀನು ವಾಟ್ಸಾಪಿನಲ್ಲಿ ಕಳಿಸಿದ ಎರಡೂ ರಿಪೋರ್ಟು ಓದಿದೆ. ಸೂಜಿ ಪರೀಕ್ಷೆಯದ್ದರಲ್ಲಿ ಗೊಂದಲವಿಲ್ಲ. ಥೈರಾಯಿಡ್‌ನ ಬಲಭಾಗದಲ್ಲಿ ಎರಡು ಸೆಂಟಿಮೀಟರಿನ ಗಂಟು, ಬೆಥೆಸ್ಡಾ ಆರನೇ ವರ್ಗ, ಪ್ಯಾಪಿಲರಿ ಕಾರ್ಸಿನೋಮಾ. ನನ್ನ ಕಣ್ಣು ನಿಂತದ್ದು ಸೋನೋಗ್ರಫಿ ರಿಪೋರ್ಟಿನ ಕೊನೆಯ ಸಾಲಿನಲ್ಲಿ: ಕತ್ತಿನ ಎರಡೂ ಬದಿಗೆ ಒಂದು ಸೆಂಟಿಮೀಟರಿಗಿಂತ ಸಣ್ಣ ಕೆಲವು ಲಿಂಫ್ ನೋಡ್‌ಗಳು, ಬಹುಶಃ ರಿಯಾಕ್ಟಿವ್. ಕಲ್ಯಾಣದಲ್ಲಿ ಮಾಡಿಸು, ಥಾಣೆಯಲ್ಲಿ ಮಾಡಿಸು, ಕತ್ತಿನ ರಿಪೋರ್ಟಿನಲ್ಲಿ ಈ ಸಾಲು ಇರುವುದು ವಾಡಿಕೆ. ಶೀತ, ಹಲ್ಲುನೋವು ಬಂದು ಹೋದವರ ಕತ್ತಿನಲ್ಲೂ ಇಂಥ ಗ್ರಂಥಿಗಳು ಕಾಣುತ್ತವೆ. ಆದರೆ ಥೈರಾಯಿಡ್ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ‘ಬಹುಶಃ’ ಸಾಲದು.

ಫೋನಿನಲ್ಲಿ ನೀನು ಹೇಳಿದೆ, “ಮಾವ, ಕತ್ತಿನಲ್ಲಿ ಇದ್ದದ್ದೆಲ್ಲ ತೆಗೆದುಬಿಡಲಿ, ಒಮ್ಮೆಗೇ ಮುಗಿಯಲಿ” ಎಂದು. ಅಕ್ಕ ಊರಿನಿಂದ ಅದಕ್ಕೆ ತದ್ವಿರುದ್ಧ ಹೇಳುತ್ತಿದ್ದಾಳೆ: ಗಂಟು ಮಾತ್ರ ತೆಗೆಸು, ಬೇರೆ ಯಾವುದಕ್ಕೂ ಕೈ ಹಾಕಿಸಬೇಡ. ನಿಮ್ಮಿಬ್ಬರದ್ದೂ ಹೆದರಿಕೆಯ ಮಾತು. ಥೈರಾಯಿಡ್ ಆಪರೇಷನ್ನಿನಲ್ಲಿ ಲಿಂಫ್ ನೋಡ್‌ಗಳನ್ನು ಎಷ್ಟು ತೆಗೆಯಬೇಕು ಎಂಬುದು ರೋಗಿಯ ಧೈರ್ಯವನ್ನೋ ಅಂಜಿಕೆಯನ್ನೋ ನೋಡಿ ತೀರ್ಮಾನವಾಗುವಂಥದ್ದಲ್ಲ. ಅರ್ಧ ತೀರ್ಮಾನ ಆಪರೇಷನ್ನಿಗೆ ಮುಂಚೆಯೇ ಆಗಬೇಕು, ಇನ್ನರ್ಧ ನೀನು ಅರಿವಳಿಕೆಯಲ್ಲಿ ಮಲಗಿರುವಾಗ ಆಗುತ್ತದೆ. ಮೊದಲರ್ಧ ಚೆನ್ನಾಗಿ ಆಗುವಂತೆ ನೋಡಿಕೊಳ್ಳುವುದು ನಿನ್ನ ಕೈಯಲ್ಲಿದೆ. ಎರಡನೆಯ ಅರ್ಧವನ್ನು ಯಾರು, ಯಾವ ಆಧಾರದ ಮೇಲೆ ಮಾಡುತ್ತಾರೆ ಎಂದು ತಿಳಿದುಕೊಂಡು ಸಹಿ ಹಾಕುವುದೂ ನಿನ್ನ ಕೈಯಲ್ಲಿದೆ. ನನ್ನ ಮಾತು ಇಷ್ಟೇ. ಮಿಕ್ಕದ್ದು ಅದರ ವಿವರ.

ಮೊದಲು ಕತ್ತಿನ ಒಳಗಿನ ಭೂಗೋಳ ಸ್ವಲ್ಪ ತಿಳಿದುಕೋ. ನಮ್ಮ ಕತ್ತಿನಲ್ಲಿ ಸುಮಾರು ಮುನ್ನೂರು ದುಗ್ಧಗ್ರಂಥಿಗಳು, ಅಂದರೆ ಲಿಂಫ್ ನೋಡ್‌ಗಳಿವೆ. ಸರ್ಜನ್‌ಗಳು ಕತ್ತನ್ನು ವಲಯಗಳಾಗಿ ಹಂಚಿಕೊಂಡು ರೋಮನ್ ಅಂಕಿಯಲ್ಲಿ ಗುರುತು ಹಾಕುತ್ತಾರೆ. ನಿನಗೆ ಮುಖ್ಯವಾದದ್ದು ಆರನೆಯದು. ಮೇಲೆ ಗಂಟಲಿನ ಹೈಯಾಯ್ಡ್ ಮೂಳೆ, ಕೆಳಗೆ ಎದೆಮೂಳೆಯ ಮೇಲಿನ ಗುಳಿ, ಅಕ್ಕಪಕ್ಕ ಕೆರೋಟಿಡ್ ರಕ್ತನಾಳಗಳು. ಈ ನಡುಭಾಗಕ್ಕೆ ಸೆಂಟ್ರಲ್ ಕಂಪಾರ್ಟ್‌ಮೆಂಟ್ ಎನ್ನುತ್ತಾರೆ. ಪ್ಯಾಪಿಲರಿ ಕ್ಯಾನ್ಸರ್ ಥೈರಾಯಿಡ್‌ನಿಂದ ಹೊರಟರೆ ಸಾಮಾನ್ಯವಾಗಿ ಮೊದಲು ಇಳಿಯುವುದು ಇಲ್ಲಿಯೇ. ಆಮೇಲೆ ಪಕ್ಕದ ವಲಯಗಳಿಗೆ, ಅಂದರೆ ಎರಡರಿಂದ ಐದರವರೆಗೆ ಹೋಗುತ್ತದೆ. ಕೆಲವೊಮ್ಮೆ ಗಂಟು ಥೈರಾಯಿಡ್‌ನ ಮೇಲ್ತುದಿಯಲ್ಲಿದ್ದರೆ ನಡುಭಾಗವನ್ನು ಬಿಟ್ಟು ನೇರವಾಗಿ ಪಕ್ಕಕ್ಕೆ ಹಾರುವುದೂ ಉಂಟು.

ಸೋನೋಗ್ರಫಿ ಪಕ್ಕದ ವಲಯಗಳನ್ನು ಚೆನ್ನಾಗಿ ತೋರಿಸುತ್ತದೆ. ನಡುಭಾಗದಲ್ಲಿ ಅದಕ್ಕೆ ಕಷ್ಟ. ಥೈರಾಯಿಡ್ಡೇ ಎದುರಿಗೆ ಅಡ್ಡ ನಿಂತಿರುತ್ತದೆ, ಹಿಂದೆ ಶ್ವಾಸನಾಳದ ಗಾಳಿ ಶಬ್ದದ ಅಲೆಯನ್ನು ದಾಟಲು ಬಿಡುವುದಿಲ್ಲ. ಹಾಗಾಗಿ ಸೋನೋಗ್ರಫಿ ಚೊಕ್ಕವಾಗಿದ್ದರೂ ನಡುಭಾಗದಲ್ಲಿ ಏನೋ ಅಡಗಿರಬಹುದು. ಆಪರೇಷನ್ ನಡೆಯುವಾಗಲೇ ನೋಡಿ ತೀರ್ಮಾನಿಸುವ ಪ್ರಸಂಗ ಬರುವುದು ಇದರಿಂದಲೇ.

ಆದರೂ ಪಕ್ಕದ ವಲಯಗಳ ಉತ್ತರವನ್ನು ಆಪರೇಷನ್ ಟೇಬಲಿನವರೆಗೆ ಎಳೆಯಬಾರದು. ನೀನು ಈಗ ಮಾಡಿಸಿರುವುದು ಥೈರಾಯಿಡ್ ನೋಡಲೆಂದು ಮಾಡಿದ ಸೋನೋಗ್ರಫಿ. ನಿನಗೆ ಬೇಕಾದದ್ದು ಲಿಂಫ್ ನೋಡ್‌ಗಳಿಗಾಗಿಯೇ ಮಾಡುವ ಕತ್ತಿನ ಮ್ಯಾಪಿಂಗ್. ಸರ್ಜನ್ ಹತ್ತಿರ ಆ ಮಾತನ್ನೇ ಹೇಳಿ ಚೀಟಿ ಬರೆಸಿಕೋ. ಕತ್ತಿನ ಕೆಲಸ ದಿನವೂ ಮಾಡುವ ರೇಡಿಯಾಲಜಿಸ್ಟ್ ಹತ್ತಿರ ಹೋಗು, ಅದಕ್ಕಾಗಿ ಡೊಂಬಿವಲಿಯಿಂದ ಥಾಣೆಗೋ ವಾಶಿಗೋ ಹೋಗಬೇಕಾದರೆ ಹೋಗು. ಅವರು ನೋಡುವುದು ಗಾತ್ರ ಒಂದನ್ನೇ ಅಲ್ಲ. ಆರೋಗ್ಯವಂತ ಗ್ರಂಥಿ ಉದ್ದುದ್ದ ಇರುತ್ತದೆ, ನಡುವೆ ಕೊಬ್ಬಿನ ಬಿಳಿ ಗೆರೆ ಕಾಣುತ್ತದೆ. ಆ ಗೆರೆ ಮಾಯವಾಗಿ ಗ್ರಂಥಿ ದುಂಡಗಾಗಿದ್ದರೆ, ಒಳಗೆ ಸುಣ್ಣದ ಸಣ್ಣ ಚುಕ್ಕೆಗಳಿದ್ದರೆ, ನೀರು ತುಂಬಿದ ಭಾಗವಿದ್ದರೆ, ರಕ್ತದ ಓಡಾಟ ಅಂಚಿನಲ್ಲೆಲ್ಲ ಹರಡಿದ್ದರೆ ಸಂಶಯ. ಅಂಥದ್ದು ಪಕ್ಕದಲ್ಲಿ ಸಿಕ್ಕರೆ ಸೂಜಿ ಹಾಕಿ ನೋಡುತ್ತಾರೆ. ಆ ಸೂಜಿಯನ್ನು ತೊಳೆದ ನೀರಿನಲ್ಲಿ ಥೈರೊಗ್ಲಾಬ್ಯುಲಿನ್ ಎಷ್ಟಿದೆ ಎಂದು ಅಳೆಯುವ ಪದ್ಧತಿಯೂ ಇದೆ. ಥೈರಾಯಿಡ್ ಜೀವಕೋಶ ಮಾತ್ರ ತಯಾರಿಸುವ ಆ ವಸ್ತು ಲಿಂಫ್ ನೋಡ್‌ನಲ್ಲಿ ಹೇರಳವಾಗಿ ಸಿಕ್ಕರೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಇದಕ್ಕೆಲ್ಲ ಎರಡು-ಮೂರು ವಾರ ಹೋದರೆ ಹೋಗಲಿ. ಪ್ಯಾಪಿಲರಿ ನಿಧಾನದ ಕಾಯಿಲೆ, ಅಷ್ಟರಲ್ಲಿ ಓಡಿಹೋಗುವುದಿಲ್ಲ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ 1993ರಿಂದಲೇ ಒಂದು ಸೆಂಟಿಮೀಟರಿನ ಒಳಗಿನ, ಅಪಾಯದ ಲಕ್ಷಣವಿಲ್ಲದ ಗಂಟುಗಳನ್ನು ಆಪರೇಷನ್ ಮಾಡದೆ ವರ್ಷಗಟ್ಟಲೆ ಬರೀ ನೋಡುತ್ತಾ ಬಂದಿದ್ದಾರೆ. ನಿನ್ನದು ಅದಕ್ಕಿಂತ ದೊಡ್ಡದು, ಆಪರೇಷನ್ ಬೇಕೇ ಬೇಕು. ಆದರೆ ಮೊನ್ನೆ ಗೊತ್ತಾಯಿತು, ನಾಳೆಯೇ ಆಗಬೇಕು ಎಂಬ ಗಡಿಬಿಡಿ ಬೇಡ.

   

ಈಗ ಸಹಿಯ ವಿಷಯ. ಒಪ್ಪಿಗೆ ಪತ್ರದಲ್ಲಿ ನಿನ್ನ ಸರ್ಜನ್ ಏನು ಬರೆಯಬಹುದು ಎಂದು ನನಗೆ ಅಂದಾಜಿದೆ: ‘ಬಲ ಹೆಮಿಥೈರಾಯ್ಡೆಕ್ಟಮಿ, ಪ್ಲಸ್-ಮೈನಸ್ ಟೋಟಲ್, ಪ್ಲಸ್-ಮೈನಸ್ ಸೆಂಟ್ರಲ್ ಕಂಪಾರ್ಟ್‌ಮೆಂಟ್ ಕ್ಲಿಯರೆನ್ಸ್.’ ಕೆಲವರು ಪ್ಲಸ್-ಮೈನಸ್ ಬದಲು ‘ಎಸ್.ಓ.ಎಸ್.’ ಎಂದು ಗೀಚುತ್ತಾರೆ. ಎರಡಕ್ಕೂ ಅರ್ಥ ಒಂದೇ: ಒಳಗೆ ನೋಡಿ ಬೇಕೆನಿಸಿದರೆ ಮಾಡುತ್ತೇವೆ. ಬರೆಯುವುದು ತಪ್ಪಲ್ಲ, ಬರೆಯಲೇಬೇಕು. ಆದರೆ ಆ ಚಿಹ್ನೆಯ ಹಿಂದೆ ನಿನ್ನ ಮುಂದಿನ ಬದುಕಿನ ಲೆಕ್ಕವಿದೆ. ಒಂದರಿಂದ ನಾಲ್ಕು ಸೆಂಟಿಮೀಟರಿನ ಗಂಟು, ಥೈರಾಯಿಡ್‌ನ ಹೊರಗೆ ಹೋಗಿಲ್ಲ, ಲಿಂಫ್ ನೋಡ್‌ನಲ್ಲಿ ಏನೂ ಇಲ್ಲ ಎಂದಾದರೆ ಅರ್ಧ ಥೈರಾಯಿಡ್ ಮಾತ್ರ ತೆಗೆದರೂ ಸಾಕು ಎಂದು ಅಮೆರಿಕನ್ ಥೈರಾಯಿಡ್ ಅಸೋಸಿಯೇಷನ್ನಿನ 2015ರ ಮಾರ್ಗಸೂಚಿ ಒಪ್ಪುತ್ತದೆ. ಉಳಿದ ಅರ್ಧ ಕೆಲಸ ಮಾಡುತ್ತಾ ಹೋದರೆ ಮಾತ್ರೆಯೇ ಬೇಡವಾಗಬಹುದು, ಬೇಕಾದರೂ ಸಣ್ಣ ಪ್ರಮಾಣ. ಲಿಂಫ್ ನೋಡ್‌ನಲ್ಲಿ ಕ್ಯಾನ್ಸರ್ ಇದ್ದರೆ ಲೆಕ್ಕ ಬದಲಾಗುತ್ತದೆ. ಸಾಮಾನ್ಯವಾಗಿ ಪೂರ್ತಿ ಥೈರಾಯಿಡ್ ತೆಗೆದು, ಆ ವಲಯವನ್ನೂ ಚೊಕ್ಕ ಮಾಡುತ್ತಾರೆ. ಆಮೇಲೆ ಜೀವಮಾನವಿಡೀ ಥೈರಾಕ್ಸಿನ್ ಮಾತ್ರೆ, ಬಹುಶಃ ರೇಡಿಯೋ ಅಯೋಡಿನ್ ಕೂಡ.

ಹಾಗಾಗಿ ಕೇಳು: “ಡಾಕ್ಟ್ರೇ, ಈ ಪ್ಲಸ್-ಮೈನಸ್ ಅನ್ನು ಒಳಗೆ ಹೇಗೆ ನಿರ್ಧರಿಸುತ್ತೀರಿ? ಕಣ್ಣಿನಲ್ಲಿ ನೋಡಿಯೋ, ಫ್ರೋಜನ್ ಸೆಕ್ಷನ್ ಮಾಡಿಸಿಯೋ?” ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಫ್ರೋಜನ್ ಸೆಕ್ಷನ್ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಸಹಿಸಿಕೋ. ಮುಂಬಯಿಯ ಆಸ್ಪತ್ರೆಯೊಂದರ ಪೆಥಾಲಜಿ ವಿಭಾಗದಲ್ಲಿ ನಾನು ಅನ್ನ ತಿಂದದ್ದೇ ಅದನ್ನು ಮಾಡುವ ಯಂತ್ರದ ಮುಂದೆ ಕೂತು. ಆಪರೇಷನ್ ನಡೆಯುತ್ತಿರುವಾಗ ಸರ್ಜನ್ ಸಂಶಯದ ಗ್ರಂಥಿಯೊಂದನ್ನು ತೆಗೆದು ಕಳಿಸುತ್ತಾರೆ. ಆಪರೇಷನ್ ಥಿಯೇಟರಿನ (ಓ.ಟಿ.) ಆಯಾ ಮಾವಶಿ ಡಬ್ಬಿ ಹಿಡಿದು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬರುತ್ತಾಳೆ. ಮಾಮೂಲಿ ಬಯಾಪ್ಸಿಯ ಹಾಗೆ ಇದನ್ನು ಫಾರ್ಮಲಿನ್‌ಗೆ ಹಾಕುವಂತಿಲ್ಲ, ಹಸಿಯಾಗಿಯೇ ಬರಬೇಕು. ಪೆಥಾಲಜಿಸ್ಟ್ ಅದನ್ನು ಸೀಳಿ ನೋಡಿ ಕೊಡುತ್ತಾರೆ. ಆಮೇಲೆ ನಾವು ಅದನ್ನು ಅಂಟಿನಂಥ ದ್ರವದಲ್ಲಿ ಕೂರಿಸಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವ ಕ್ರಯೋಸ್ಟಾಟ್ ಪೆಟ್ಟಿಗೆಯೊಳಗೆ ಗಡ್ಡೆಕಟ್ಟಿಸಿ, ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲಿನಷ್ಟು ತೆಳ್ಳಗೆ ಹೆರೆದು, ಗಾಜಿಗೆ ಹತ್ತಿಸಿ ಬಣ್ಣ ಕೊಡಬೇಕು. ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿ ಓ.ಟಿ.ಗೆ ಫೋನ್ ಮಾಡುತ್ತಾರೆ. ಎಲ್ಲ ಸೇರಿ ಸುಮಾರು ಇಪ್ಪತ್ತು ನಿಮಿಷ. ಅಲ್ಲಿಯವರೆಗೆ ಸರ್ಜನ್ ಕಾಯುತ್ತಿರುತ್ತಾರೆ.

ಇದರ ಮಿತಿಯೂ ನನಗೆ ಗೊತ್ತು. ಲಿಂಫ್ ನೋಡ್‌ಗಳು ಇರುವುದೇ ಕೊಬ್ಬಿನ ನಡುವೆ. ಕೊಬ್ಬು ಆ ಥಂಡಿಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಅಲಗಿಗೆ ಸಿಕ್ಕದೆ ಹಿಸುಕಿಕೊಳ್ಳುತ್ತದೆ. ಅವಸರದಲ್ಲಿ ಒಂದೆರಡು ಪದರ ಮಾತ್ರ ನೋಡಲು ಸಾಧ್ಯ. ಗ್ರಂಥಿಯ ಇನ್ನೊಂದು ಮೂಲೆಯಲ್ಲಿ ಒಂದು ಮಿಲಿಮೀಟರಿನ ಕ್ಯಾನ್ಸರ್ ಕೂತಿದ್ದರೆ ತಪ್ಪಿಹೋಗಬಹುದು. ಹಾಗಾಗಿ ಫ್ರೋಜನ್‌ನಲ್ಲಿ ‘ಇದೆ’ ಎಂದರೆ ನೆಚ್ಚಬಹುದು. ‘ಇಲ್ಲ’ ಎಂದರೆ ಕೊನೆಯ ಮಾತು ಅಲ್ಲ. ಕೊನೆಯ ಮಾತು ಫಾರ್ಮಲಿನ್‌ನಲ್ಲಿ ನೆನೆದು, ಮೇಣದ ಬ್ಲಾಕ್ ಆಗಿ, ನಿಧಾನವಾಗಿ ಕತ್ತರಿಸಿದ ಮೇಲೆ ಬರುವ ರಿಪೋರ್ಟಿನದ್ದು.

ಸರ್ಜನ್‌ನ ಕಣ್ಣು-ಬೆರಳಿಗೂ ಬೆಲೆ ಇದೆ. ಥೈರಾಯಿಡ್ ಎತ್ತಿದ ಮೇಲೆ ನಡುಭಾಗ ತೆರೆದುಕೊಳ್ಳುತ್ತದೆ, ಸೋನೋಗ್ರಫಿಗೆ ಕಾಣದ್ದು ಅಲ್ಲಿ ಕಾಣುತ್ತದೆ. ಗಂಟಲಮಣಿಯ ಮುಂದೆ ಡೆಲ್ಫಿಯನ್ ಎಂಬ ಹೆಸರಿನ ಒಂಟಿ ಗ್ರಂಥಿಯಿದೆ. ಅದನ್ನು ಮೊದಲು ಮುಟ್ಟಿ ನೋಡುತ್ತಾರೆ. ಕಲ್ಲಿನಂತೆ ಗಟ್ಟಿಯಾದ, ಇಲ್ಲವೇ ನೀಲಿಗಪ್ಪು ಬಣ್ಣಕ್ಕೆ ತಿರುಗಿ ಒಳಗೆ ನೀರು ತುಂಬಿದ ಗ್ರಂಥಿ ಅನುಭವಸ್ಥರಿಗೆ ಕೂಡಲೇ ತಿಳಿಯುತ್ತದೆ. ಆದರೆ ಕಣ್ಣೂ ಮೋಸಹೋಗುತ್ತದೆ. ಹಶಿಮೋಟೊ ಥೈರಾಯ್ಡೈಟಿಸ್ ಇರುವ ಹೆಂಗಸರಲ್ಲಿ ನಡುಭಾಗದ ಗ್ರಂಥಿಗಳು ಕ್ಯಾನ್ಸರ್ ಇಲ್ಲದೆಯೇ ದಪ್ಪವಾಗಿ ಉಬ್ಬಿರುತ್ತವೆ. ನಿನಗೆ ಹೆರಿಗೆಯಾದಾಗಿನಿಂದ ಥೈರಾಯಿಡ್ ಏರುಪೇರು ಇದೆಯಲ್ಲ? ಆ ಹಳೆಯ ರಕ್ತ ಪರೀಕ್ಷೆಯ ಕಾಗದ ಹುಡುಕಿ ಸರ್ಜನ್‌ಗೆ ತೋರಿಸು. ಅವರ ಕಣ್ಣಿಗೆ ಅದೊಂದು ಎಚ್ಚರಿಕೆ.

ಕಲ್ಯಾಣ-ಡೊಂಬಿವಲಿಯ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಆಪರೇಷನ್ ಚೆನ್ನಾಗಿಯೇ ಮಾಡುವವರಿದ್ದಾರೆ. ಆದರೆ ಸ್ಯಾಂಪಲ್ ಅನ್ನು ಹುಡುಗನೊಬ್ಬ ಬೈಕಿನಲ್ಲಿ ಹೊರಗಿನ ಲ್ಯಾಬಿಗೆ ಒಯ್ಯುವ ವ್ಯವಸ್ಥೆಯಿದ್ದರೆ ಅಲ್ಲಿ ಫ್ರೋಜನ್ ಸೆಕ್ಷನ್ ಆಗುವ ಮಾತಿಲ್ಲ. ಹೈವೇಯ ಟ್ರಾಫಿಕ್ಕಿನಲ್ಲಿ ಡಬ್ಬಿ ಕೂತಿರುವಾಗ ನಿನ್ನ ಕತ್ತು ತೆರೆದಿರಬೇಕೇ? ಫ್ರೋಜನ್ ಮಾಡುವ ಪೆಥಾಲಜಿಸ್ಟ್ ಅದೇ ಕಟ್ಟಡದಲ್ಲಿ, ಅದೇ ದಿನ ಇರುತ್ತಾರೆಯೇ ಎಂದು ಕೇಳು. ಎಲ್ಲ ಆಪರೇಷನ್ನಿಗೂ ಫ್ರೋಜನ್ ಬೇಕೆಂದು ನಾನು ಹೇಳುತ್ತಿಲ್ಲ. ಪಕ್ಕದಲ್ಲಿ ಸೂಜಿಯಿಂದಲೇ ಖಚಿತವಾದವರಿಗೆ ಬೇಡ. ನಿನ್ನಂತೆ ‘ಬಹುಶಃ’ದಲ್ಲಿ ನಿಂತವರಿಗೆ ಅದು ಕೈಗೆಟಕುವಂತಿದ್ದರೆ ಒಳ್ಳೆಯದು.

ಮತ್ತೊಂದು ಕೇಳಬೇಕಾದ ವಿಷಯ: ಉಬ್ಬಿದ ಗ್ರಂಥಿ ಸಿಕ್ಕರೆ ಅದೊಂದನ್ನೇ ಕೀಳುತ್ತೀರೋ, ಆ ವಲಯವನ್ನೇ ತೆಗೆಯುತ್ತೀರೋ? ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಹೆಕ್ಕುವ ರೂಢಿ ಹಿಂದೆ ಇತ್ತು. ಅದರಲ್ಲಿ ಕಣ್ಣಿಗೆ ಬೀಳದ್ದು ಉಳಿದು, ಕೆಲವು ವರ್ಷದ ಮೇಲೆ ಅದೇ ಜಾಗದಲ್ಲಿ ಮತ್ತೆ ಗಂಟು ಬರುತ್ತದೆ. ಎರಡನೆಯ ಸಲ ಕೈಹಾಕಿದಾಗ ಒಳಗೆಲ್ಲ ಗಾಯದ ಅಂಟು, ನರ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಕ್ಯಾನ್ಸರ್ ಇರುವುದು ಖಚಿತವಾದರೆ ಆ ವಲಯದ ಕೊಬ್ಬು-ಗ್ರಂಥಿಗಳನ್ನು ಒಟ್ಟಿಗೆ ತೆಗೆಯುವುದು ಈಗಿನ ಸರಿಯಾದ ಕ್ರಮ.

“ಹಾಗಾದರೆ ಖಚಿತವಾಗುವವರೆಗೆ ಯಾಕೆ ಕಾಯಬೇಕು, ಮುಂಚೆಯೇ ತೆಗೆದರೆ ಆಯಿತಲ್ಲ” ಎಂದು ಅಳಿಯಂದಿರು ಕೇಳಿದರಂತೆ. ಅವರ ಚಿಕ್ಕಪ್ಪನಿಗೆ ಬಾಯಿ ಕ್ಯಾನ್ಸರ್ ಆದಾಗ ಕತ್ತಿನ ಗ್ರಂಥಿಗಳನ್ನು ಮುನ್ನೆಚ್ಚರಿಕೆಯಾಗಿ ತೆಗೆದಿದ್ದರು, ಅದರಿಂದ ಬದುಕಿದರು ಎನ್ನುವುದು ಅವರ ವಾದ. ಆ ಮಾತು ನಿಜವೇ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿ’ಕ್ರೂಜ್ ಮತ್ತು ಸಂಗಡಿಗರು ಬಾಯಿ ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಗಿ ಜಗತ್ತಿನ ಪದ್ಧತಿಯನ್ನೇ ಬದಲಿಸಿತು. ಕತ್ತಿನಲ್ಲಿ ಏನೂ ಕೈಗೆ ಸಿಗದಿದ್ದರೂ ಮೊದಲೇ ಗ್ರಂಥಿಗಳನ್ನು ತೆಗೆದವರಲ್ಲಿ ಮೂರು ವರ್ಷದ ಮೇಲೆ ಶೇಕಡಾ 80 ಮಂದಿ ಬದುಕಿದ್ದರು. ಕಾದು ನೋಡಿ ಆಮೇಲೆ ತೆಗೆದವರಲ್ಲಿ ಶೇಕಡಾ 67.5. ಅದು ಬಾಯಿಯ ಕ್ಯಾನ್ಸರ್. ಕತ್ತು ಒಂದೇ ಆದರೂ ಕಾಯಿಲೆಯ ಸ್ವಭಾವ ಬೇರೆ. ಪ್ಯಾಪಿಲರಿ ಥೈರಾಯಿಡ್ ಕ್ಯಾನ್ಸರಿನಲ್ಲಿ ಹುಡುಕುತ್ತಾ ಹೋದರೆ ಬಹಳ ಜನರ ಗ್ರಂಥಿಗಳಲ್ಲಿ ಕಣ್ಣಿಗೆ ಕಾಣದ ಕಣಗಳು ಸಿಕ್ಕೇ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಯಾರಿಗೂ ತೊಂದರೆ ಕೊಡದೆ ಹಾಗೇ ಇದ್ದುಬಿಡುತ್ತವೆ. ಮುನ್ನೆಚ್ಚರಿಕೆಯಾಗಿ ತೆಗೆದವರು ಹೆಚ್ಚು ಕಾಲ ಬದುಕಿದರು ಎಂದು ಖಚಿತವಾಗಿ ಸಾಬೀತಾಗಿಲ್ಲ. ಹಾಗಾಗಿಯೇ ಸಣ್ಣ, ಹೊರಗೆ ಚಾಚದ, ಗ್ರಂಥಿ ಕಾಣದ ಗಂಟಿಗೆ ಮುನ್ನೆಚ್ಚರಿಕೆಯ ತೆಗೆತ ಬೇಡ ಎನ್ನುವವರು ಹೆಚ್ಚು. ನಾಲ್ಕು ಸೆಂಟಿಮೀಟರ್ ದಾಟಿದ, ಹೊರಗೆ ಚಾಚಿದ ಗಂಟಿಗಾದರೆ ಯೋಚಿಸಬಹುದು ಎನ್ನುತ್ತಾರೆ. ಸರ್ಜನ್‌ಗಳೊಳಗೆ ಈ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಒಬ್ಬರು ತೆಗೆಯೋಣ, ಇನ್ನೊಬ್ಬರು ಬೇಡ ಎಂದರೆ ಇಬ್ಬರಲ್ಲೊಬ್ಬರು ಕಳ್ಳರು ಎಂದುಕೊಳ್ಳಬೇಡ. ಮೆಡ್ಯುಲರಿ ಎಂಬ ಬೇರೆ ಜಾತಿಯಲ್ಲಿ ಮಾತ್ರ ನಡುಭಾಗ ತೆಗೆಯುವುದೇ ಕ್ರಮ. ನಿನ್ನದು ಅದಲ್ಲ.

ಸುಮ್ಮನೆ ತೆಗೆಸುವುದಕ್ಕೆ ಬೆಲೆ ತೆರಬೇಕಾಗುತ್ತದೆ, ಅದಕ್ಕೇ ಇಷ್ಟು ಹೇಳಿದೆ. ನಡುಭಾಗದಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ನರ ಓಡುತ್ತದೆ. ಎಡಗಡೆಯದು ಎದೆಯೊಳಗೆ ಇಳಿದು ಮಹಾಪಧಮನಿಯನ್ನು ಸುತ್ತಿ ಮೇಲೆ ಬರುತ್ತದೆ, ಬಲಗಡೆಯದು ಸ್ವಲ್ಪ ಮೇಲೆಯೇ ಸುತ್ತುತ್ತದೆ. ಬಲಗಡೆಯಲ್ಲಿ ಗ್ರಂಥಿಗಳು ನರದ ಮುಂದೆಯೂ ಇರುತ್ತವೆ, ಹಿಂದೆಯೂ ಇರುತ್ತವೆ. ನಿನ್ನ ಗಂಟು ಬಲಗಡೆಯದು, ಅಂದರೆ ನರವನ್ನು ಬಿಡಿಸಿ ಆಚೀಚೆ ಸರಿಸುವ ಕೆಲಸ ಬೀಳಬಹುದು. ದಿನಕ್ಕೆ ಐದಾರು ಪೀರಿಯಡ್ ಪಾಠ ಮಾಡುವವಳು ನೀನು. ಆ ಮಾತು ಸರ್ಜನ್‌ಗೆ ತಿಳಿದಿರಲಿ. ಆಪರೇಷನ್ನಿಗೆ ಮೊದಲೇ ಇ.ಎನ್.ಟಿ.ಯವರ ಹತ್ತಿರ ಧ್ವನಿತಂತುಗಳನ್ನು ನೋಡಿಸಿಕೋ. ನರದ ಮಾನಿಟರ್ ಬಳಸುತ್ತಾರೆಯೇ ಎಂದೂ ಕೇಳಬಹುದು. ಒಂದು ಬದಿಯ ನರದ ಸಿಗ್ನಲ್ ನಿಂತುಹೋದರೆ ಇನ್ನೊಂದು ಬದಿಗೆ ಅಂದೇ ಕೈಹಾಕದೆ ನಿಲ್ಲಿಸುವುದು ಜಾಣತನ, ಯಾಕೆಂದರೆ ಎರಡೂ ನರ ಹೋದರೆ ಉಸಿರಿಗೇ ಕಷ್ಟ. ಮತ್ತೊಂದು, ಥೈರಾಯಿಡ್‌ನ ಮೇಲ್ತುದಿಯ ಹತ್ತಿರ ಬೇರೆಯೇ ಸಣ್ಣ ನರವಿದೆ. ಅದಕ್ಕೆ ಪೆಟ್ಟಾದರೆ ಮಾತು ಸರಿಯಿರುತ್ತದೆ, ಭಜನೆಯಲ್ಲಿ ಮೇಲಿನ ಸ್ವರ ಏಳುವುದಿಲ್ಲ.

ಪ್ಯಾರಾಥೈರಾಯಿಡ್ ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಐದಾರು ಮಿಲಿಮೀಟರ್. ರಕ್ತದ ಕ್ಯಾಲ್ಸಿಯಂ ಕಾಯುವುದು ಅವೇ. ಕೆಳಗಿನ ಎರಡು ಆರನೇ ವಲಯದಲ್ಲಿ ಕೊಬ್ಬಿನ ಜೊತೆ ಬೆರೆತುಕೊಂಡಿರುತ್ತವೆ, ನೋಡಲು ಲಿಂಫ್ ನೋಡ್ ತರವೇ ಇರುತ್ತವೆ. ಅವಕ್ಕೆ ರಕ್ತ ತರುವ ನಾಳ ಕೂದಲಿನಷ್ಟು ಸಪೂರ. ವಲಯ ಚೊಕ್ಕ ಮಾಡುವಾಗ ಅವು ಬಿದ್ದುಹೋಗುವ, ಬಾಡುವ ಸಂಭವ ಹೆಚ್ಚು. ಕೆಲವು ವಾರ ಕ್ಯಾಲ್ಸಿಯಂ ಇಳಿಯುವುದು ಸಾಮಾನ್ಯ. ಜೀವಮಾನವಿಡೀ ಇಳಿದೇ ಇರುವುದು ಪಳಗಿದ ಕೈಯಲ್ಲಿ ಅಪರೂಪ, ಪಳಗದ ಕೈಯಲ್ಲಿ ಅಷ್ಟು ಅಪರೂಪವಲ್ಲ. ವರ್ಷಕ್ಕೆ ಎಷ್ಟು ಥೈರಾಯಿಡ್ ಮಾಡುತ್ತೀರಿ ಎಂದು ಸಂಕೋಚ ಬಿಟ್ಟು ಕೇಳು. ಅಮೆರಿಕದಲ್ಲಿ 2017ರಲ್ಲಿ ಬಂದ ಒಂದು ಅಧ್ಯಯನ ವರ್ಷಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಮಾಡುವ ಸರ್ಜನ್‌ಗಳ ಕೈಯಲ್ಲಿ ತೊಂದರೆ ಕಡಿಮೆ ಎಂದು ಕಂಡುಕೊಂಡಿತು. ಹೊಟ್ಟೆ, ಹರ್ನಿಯಾ, ಅಪೆಂಡಿಕ್ಸ್ ಎಲ್ಲ ಮಾಡುತ್ತಾ ಮಧ್ಯೆ ಒಂದೆರಡು ಥೈರಾಯಿಡ್ ಮಾಡುವವರು ಎಷ್ಟೇ ಒಳ್ಳೆಯ ಮನುಷ್ಯರಾಗಿರಲಿ, ಈ ಕೆಲಸಕ್ಕೆ ಬೇಡ.

ಎಲ್ಲಿಗೆ ಹೋಗುವುದು? ಥಾಣೆ, ವಾಶಿ, ಬೇಲಾಪುರದ ದೊಡ್ಡ ಆಸ್ಪತ್ರೆಗಳಲ್ಲಿ ತಲೆ-ಕತ್ತಿನ ಸರ್ಜನ್‌ಗಳಿದ್ದಾರೆ. ಟಾಟಾದ ಅಭಿಪ್ರಾಯ ಬೇಕೆಂದರೆ ಪರೇಲಿಗೆ ಹೋಗಬಹುದು. ಟಾಟಾ ಸ್ಮಾರಕ ಕೇಂದ್ರದ್ದೇ ಆದ ಆ್ಯಕ್ಟ್ರೆಕ್ ಖಾರ್‌ಘರದಲ್ಲಿದೆ, ಡೊಂಬಿವಲಿಯಿಂದ ಥಾಣೆಯಲ್ಲಿಳಿದು ಪನ್ವೇಲ್ ಕಡೆಯ ಟ್ರಾನ್ಸ್-ಹಾರ್ಬರ್ ಗಾಡಿ ಹಿಡಿದರೆ ಆಯಿತು. ಹೋಗುವಾಗ ಬರೀ ರಿಪೋರ್ಟ್ ಕಾಗದ ಒಯ್ದರೆ ಸಾಲದು. ಸೂಜಿ ಪರೀಕ್ಷೆಯ ಗಾಜಿನ ಸ್ಲೈಡ್‌ಗಳನ್ನೇ ಲ್ಯಾಬಿನಿಂದ ಕೇಳಿ ತೆಗೆದುಕೊಂಡು ಹೋಗು. ಅಲ್ಲಿಯ ಪೆಥಾಲಜಿಸ್ಟ್‌ಗಳು ತಮ್ಮ ಕಣ್ಣಲ್ಲೇ ನೋಡದೆ ಮುಂದುವರಿಯುವುದಿಲ್ಲ. ಅಕ್ಕ ಮಣಿಪಾಲಕ್ಕೆ ಬಾ ಎನ್ನುತ್ತಾಳೆ, ಮತ್ಸ್ಯಗಂಧ ರೈಲು ಹತ್ತಿದರೆ ಬೆಳಿಗ್ಗೆ ಊರು. ಅದೂ ಒಳ್ಳೆಯ ಜಾಗವೇ. ಆದರೆ ಆಮೇಲಿನ ರಕ್ತ ಪರೀಕ್ಷೆ, ಸೋನೋಗ್ರಫಿ ವರ್ಷಗಟ್ಟಲೆ ನಡೆಯುವಂಥವು. ಮಗನ ಶಾಲೆ ಇಲ್ಲಿ, ನಿನ್ನ ಕೆಲಸ ಇಲ್ಲಿ. ಎಲ್ಲಿ ಹೋಗಿ ಬರಲು ಸಾಧ್ಯವೋ ಅಲ್ಲೇ ಶುರು ಮಾಡು. ಖರ್ಚಿನ ಬಗ್ಗೆ, ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಆ ಆಸ್ಪತ್ರೆಗೆ ಇದೆಯೇ ಎಂದು ಅಲ್ಲಿಯ ಆರೋಗ್ಯಮಿತ್ರರನ್ನು ಮೊದಲೇ ಕೇಳು. ರೇಶನ್ ಕಾರ್ಡ್, ಆಧಾರ್ ಜೊತೆಗಿರಲಿ. ಭರ್ತಿಯಾದ ಮೇಲೆ ಓಡಾಡುವುದಕ್ಕಿಂತ ಅದು ವಾಸಿ.

ಆಪರೇಷನ್ ದಿನ ಹೊರಗೆ ಕೂರುವವರು ಅಳಿಯಂದಿರು. ಅವರಿಗೆ ಮೊದಲೇ ತಿಳಿಸಿ ಹೇಳು. ಒಂದೂವರೆ-ಎರಡು ಗಂಟೆ ಎಂದದ್ದು ಮೂರು ಗಂಟೆಯಾದರೆ ಏನೋ ಕೆಟ್ಟದ್ದಾಯಿತು ಎಂದಲ್ಲ, ಫ್ರೋಜನ್‌ಗೆ ಕಾದಿರಬಹುದು, ವಲಯ ಚೊಕ್ಕ ಮಾಡುತ್ತಿರಬಹುದು. ಬಾಗಿಲು ತೆರೆದು ಯಾರಾದರೂ ಬಂದು “ಲಿಂಫ್ ನೋಡ್‌ಗೆ ಹರಡಿದೆ, ಟೋಟಲ್ ಮಾಡುತ್ತಿದ್ದೇವೆ” ಎಂದರೆ ಅವರು ಎದೆ ಒಡೆದುಕೊಂಡು ಊರಿಗೆಲ್ಲ ಫೋನ್ ಮಾಡಬಾರದು. ಬೇರೆ ಕ್ಯಾನ್ಸರುಗಳಲ್ಲಿ ಹರಡಿದೆ ಎಂದರೆ ಹೆದರಬೇಕಾದ ಮಾತು. ಇಲ್ಲಿ ಹಾಗಲ್ಲ. ಈಗ ಜಗತ್ತಿನಾದ್ಯಂತ ಬಳಸುವ ಹಂತದ ಲೆಕ್ಕದಲ್ಲಿ, 2018ರಿಂದ ಜಾರಿಯಲ್ಲಿರುವ ಎಂಟನೆಯ ಆವೃತ್ತಿಯಲ್ಲಿ, 55 ವರ್ಷದೊಳಗಿನವರಿಗೆ ಪ್ಯಾಪಿಲರಿ ಕ್ಯಾನ್ಸರ್ ಕತ್ತಿನ ಎಷ್ಟು ಗ್ರಂಥಿಗಳಿಗೆ ಹೋಗಿದ್ದರೂ, ಶ್ವಾಸಕೋಶ, ಮೂಳೆಯಂಥ ದೂರದ ಜಾಗಕ್ಕೆ ಹೋಗಿರದಿದ್ದರೆ ಅದು ಒಂದನೆಯ ಹಂತವೇ. ನಿನಗೆ 38. ಇದರರ್ಥ ಗ್ರಂಥಿಗೆ ಹೋದರೂ ಲೆಕ್ಕಕ್ಕಿಲ್ಲ ಎಂದಲ್ಲ. ಜೀವಕ್ಕೆ ಅಪಾಯ ಕಡಿಮೆ, ಕತ್ತಿನಲ್ಲಿ ಮತ್ತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಪೂರ್ತಿ ರಿಪೋರ್ಟ್ ಬರಲು ವಾರವೋ ಹತ್ತು ದಿನವೋ ಹಿಡಿಯುತ್ತದೆ. ಅದರಲ್ಲಿ ‘ನೋಡ್ಸ್ ಪಾಸಿಟಿವ್’ ಎಂಬ ಎರಡು ಪದಕ್ಕೆ ತೃಪ್ತಿಪಡಬೇಡ. ಎಷ್ಟು ತೆಗೆದರು, ಎಷ್ಟರಲ್ಲಿ ಇತ್ತು, ಅತಿ ದೊಡ್ಡ ಕಣದ ಅಳತೆ ಏನು, ಗ್ರಂಥಿಯ ಸಿಪ್ಪೆ ಒಡೆದು ಹೊರಬಂದಿದೆಯೇ, ಇವು ನಾಲ್ಕೂ ಇರಬೇಕು. ಐದರ ಒಳಗೆ, ಒಂದೊಂದೂ ಎರಡು ಮಿಲಿಮೀಟರಿಗಿಂತ ಸಣ್ಣ ಕಣಗಳಾದರೆ ಆ 2015ರ ಮಾರ್ಗಸೂಚಿ ಅದನ್ನು ಕಡಿಮೆ ಅಪಾಯದ ಗುಂಪಿಗೇ ಸೇರಿಸುತ್ತದೆ. ಮೂರು ಸೆಂಟಿಮೀಟರ್ ಮುಟ್ಟಿದ ಗ್ರಂಥಿ ಒಂದೇ ಇದ್ದರೂ ಹೆಚ್ಚಿನ ಅಪಾಯ. ರೇಡಿಯೋ ಅಯೋಡಿನ್ ಬೇಕೋ ಬೇಡವೋ ಎಂಬುದಕ್ಕೆ ಈ ಸಂಖ್ಯೆಗಳೇ ದಾರಿ ತೋರಿಸುವುದು. ಬೇಕೆಂದಾದರೆ ಆಗ ಮಾತಾಡೋಣ. ಒಣಮೀನು, ಸಿಗಡಿ, ಅಯೋಡಿನ್ ಉಪ್ಪು ಎಲ್ಲ ಒಂದೆರಡು ವಾರ ಬಿಡಬೇಕಾಗುತ್ತದೆ, ಮಗನಿಂದ ಕೆಲವು ದಿನ ದೂರ ಮಲಗಬೇಕಾಗುತ್ತದೆ. ಪರೇಲಿನಲ್ಲಿ ಬಿ.ಎ.ಆರ್.ಸಿ.ಯ ರೇಡಿಯೇಶನ್ ಮೆಡಿಸಿನ್ ಸೆಂಟರ್ ಹಲವು ದಶಕಗಳಿಂದ ಈ ಕೆಲಸವನ್ನೇ ಮಾಡುತ್ತಾ ಬಂದಿದೆ. ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆದು ಮನೆಯಲ್ಲಿ ತಂಪು ಜಾಗದಲ್ಲಿ ಇಡು. ವರ್ಷಗಳ ಮೇಲೆ ಯಾರಾದರೂ ಮತ್ತೆ ನೋಡಬೇಕೆಂದರೆ ಕಾಗದಕ್ಕಿಂತ ಅವೇ ಉಪಯೋಗಕ್ಕೆ ಬರುವುದು.

ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಕ್ಯಾಲ್ಸಿಯಂ ಇಳಿದರೆ ತಿಳಿಯುವುದು ಹೆಚ್ಚಾಗಿ ಎರಡನೆಯ, ಮೂರನೆಯ ದಿನ, ಅಂದರೆ ನೀನು ಮನೆಯಲ್ಲಿರುವಾಗ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎಂದರೆ, ಕೈಬೆರಳು ಸೆಟೆದುಕೊಂಡರೆ ಬೆಳಗಾಗಲಿ ಎಂದು ಕಾಯಬೇಡ. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡು. ಹೊರಡುವ ಮೊದಲು ಪ್ಯಾರಾಥೈರಾಯಿಡ್ ಹಾರ್ಮೋನ್ ಪರೀಕ್ಷೆ ಮಾಡಿದ್ದಾರೆಯೇ ಎಂದೂ ಕೇಳು. ಮತ್ತೆ ಡಿಸ್ಚಾರ್ಜ್ ಕಾರ್ಡ್ ನೋಡು. ಪೂರ್ತಿ ಥೈರಾಯಿಡ್ ತೆಗೆದಿದ್ದರೆ ಥೈರಾಕ್ಸಿನ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆ ನುಂಗಿದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಸೇರುವುದಿಲ್ಲ, ನಡುವೆ ನಾಲ್ಕು ಗಂಟೆ ಇರಬೇಕು. ಎರಡರ ಮುಂದೆಯೂ ‘ಬೆಳಿಗ್ಗೆ’ ಎಂದು ಬರೆದಿದ್ದರೆ ಅಲ್ಲೇ ನಿಂತು ಸಿಸ್ಟರ್ ಹತ್ತಿರ ತಿದ್ದಿಸಿಕೊಂಡು ರಿಕ್ಷಾ ಹತ್ತು.